ಕ್ವಾಂಟಂ ಕೌತುಕವಲ್ಲ, ತಾಮ್ರ-ಸತುವಿನ ಲೆಕ್ಕ

ಕ್ವಾಂಟಂ ವಿಜ್ಞಾನದ ಬಗ್ಗೆ ನಮ್ಮಲ್ಲಿ ಮೂರು ಬಗೆಯ ಜನ ಮಾತಾಡುತ್ತಾರೆ. ಮೊದಲನೆಯವರು ವೇದಿಕೆಯ ಮೇಲೆ ಮೈಕು ಹಿಡಿದು, ಇದೆಲ್ಲ ನಮ್ಮ ಋಷಿಗಳಿಗೆ ಮೊದಲೇ ಗೊತ್ತಿತ್ತು, ನೋಡುವವನಿದ್ದರಷ್ಟೇ ಜಗತ್ತು ಎನ್ನುತ್ತಾರೆ. ಎರಡನೆಯವರು ಪದವಿ ಕಾಲೇಜಿನ ತರಗತಿಯಲ್ಲಿ ಬೋರ್ಡಿನ ಮೇಲೆ ಶ್ರೋಡಿಂಗರ್ ಸಮೀಕರಣ ಬರೆದು, ಇದು ಯಾರಿಗೂ ಅರ್ಥವಾಗುವಂಥದ್ದಲ್ಲ, ಬಾಯಿಪಾಠ ಮಾಡಿ ಬರೆದುಬಿಡಿ ಎನ್ನುತ್ತಾರೆ. ಮೂರನೆಯವರು ರಾಜಧಾನಿಯ ಸಮಾವೇಶದಲ್ಲಿ ಕ್ಯೂಬಿಟ್ಟು, ಸಾವಿರಾರು ಕೋಟಿ, ಭವಿಷ್ಯದ ಕಂಪ್ಯೂಟರು ಎಂದು ಪರದೆಯ ಮೇಲೆ ಚಿತ್ರ ತೋರಿಸುತ್ತಾರೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದವರಂತೆ ಕಂಡರೂ ಮೂವರ ನಂಬಿಕೆ ಒಂದೇ. ಕ್ವಾಂಟಂ ಎಂದರೆ ದಿನದ ಬದುಕಿಗೆ ಹೊರಗಿನ, ಕಣ್ಣಿಗೆ ಕಾಣದ ಯಾವುದೋ ಸೂಕ್ಷ್ಮಲೋಕದ ಕೌತುಕ. ಕೈಯಲ್ಲಿರುವ ತಂಬಿಗೆ, ತಂತಿ, ಬಳೆ, ಬಲ್ಬುಗಳಿಗೆ ಅದರ ಗೊಡವೆಯಿಲ್ಲ.

ಈ ನಂಬಿಕೆ ತಪ್ಪು. ಅದರ ನಷ್ಟವನ್ನು ಹೊರುವವರು ಹುಮನಾಬಾದ್ ಪಕ್ಕದ ಹುಡಗಿಯಂಥ ಊರಿನಿಂದ ಬಸ್ಸು ಹತ್ತಿ ಬಿ.ಎಸ್ಸಿ. ಓದಲು ಹೋಗುವ ಮಕ್ಕಳು. ಭೌತಶಾಸ್ತ್ರದ ಇಂಥ ವಿದ್ಯಾರ್ಥಿನಿಯೊಬ್ಬಳು ಕೇಳಬಹುದಾದ ಪ್ರಶ್ನೆ ಹೀಗಿರುತ್ತದೆ: "ಸರ್, ಹಿತ್ತಾಳಿನೂ ತಾಮ್ರ-ಸತುವಂದೇ, ಬಿದರಿ ಸಾಮಾನೂ ತಾಮ್ರ-ಸತುವಂದೇ. ಮತ್ತ ಒಂದು ಹಳದಿ, ಒಂದು ಕರೇದು ಯಾಕ್ರಿ?" ಅವಳಿಗೆ ಸಿಗುವ ಉತ್ತರವನ್ನೂ ಊಹಿಸುವುದು ಕಷ್ಟವಲ್ಲ: "ಅದು ಪರೀಕ್ಷಾಕ್ಕ ಬರಂಗಿಲ್ಲ, ಬಿಡವ್ವಾ." ಕ್ವಾಂಟಂ ವಿಜ್ಞಾನದ ನಿಜವಾದ ಪ್ರಶ್ನೆಯೊಂದು ಅಲ್ಲಿಗೆ ಮುಗಿಯುತ್ತದೆ.

ಮೊದಲು ಚರಿತ್ರೆಯನ್ನು ನೋಡೋಣ. ಈ ವಿಜ್ಞಾನ ಹುಟ್ಟಿದ್ದು ಧ್ಯಾನದಲ್ಲೂ ಅಲ್ಲ, ಅಣುವಿನ ಹೊಟ್ಟೆಯೊಳಗೂ ಅಲ್ಲ. ಕಾದ ಕುಲುಮೆಯ ಬೆಳಕಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರ್ಲಿನ್ನಿನ ರಾಷ್ಟ್ರೀಯ ಮಾಪನ ಸಂಸ್ಥೆಗೆ ದೀಪಗಳ ಪ್ರಕಾಶವನ್ನು ಅಳೆಯಲು ನಂಬಿಕೆಯ ಮಾನದಂಡವೊಂದು ಬೇಕಿತ್ತು. ಅನಿಲದ ದೀಪವೂ ವಿದ್ಯುತ್ ದೀಪವೂ ಮಾರುಕಟ್ಟೆಗಾಗಿ ಪೈಪೋಟಿ ನಡೆಸಿದ್ದ ಕಾಲ ಅದು. ಅದಕ್ಕಾಗಿ ಲುಮ್ಮರ್, ಪ್ರಿಂಗ್‌ಶೈಮ್, ರೂಬೆನ್ಸ್, ಕುರ್ಲ್‌ಬಾಮ್ ಮುಂತಾದವರು ಕಾದ ಪೊಳ್ಳು ಗೂಡುಗಳಿಂದ ಹೊರಬರುವ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆದರು. ಆ ಅಳತೆಗಳಿಗೆ ಹಳೆಯ ಸೂತ್ರಗಳು ಹೊಂದದೆ ಹೋದಾಗ, 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಶಕ್ತಿಯನ್ನು ತುಣುಕು ತುಣುಕಾಗಿ ಎಣಿಸಿದ. ಬೀದಿದೀಪದ ಲೆಕ್ಕ ಸರಿಹೋಗದೆ ಹುಟ್ಟಿದ ವಿದ್ಯೆ ಇದು.

ಅದರ ಮುಂದಿನ ಹೆಜ್ಜೆಗಳಲ್ಲೊಂದು ಬಿದ್ದದ್ದು ಗಟ್ಟಿ ವಸ್ತುವಿನ ಮೇಲೆ. ವಜ್ರವನ್ನು ತಣ್ಣಗಾಗಿಸಿದಷ್ಟೂ ಅದು ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಹಳೆಯ ಭೌತಶಾಸ್ತ್ರದ ಪ್ರಕಾರ ಹಾಗಾಗಬಾರದು. 1907ರಲ್ಲಿ ಐನ್‌ಸ್ಟೈನ್, ವಜ್ರದೊಳಗಿನ ಪರಮಾಣುಗಳ ಕಂಪನಕ್ಕೂ ಪ್ಲಾಂಕನ ತುಣುಕುಗಳ ಲೆಕ್ಕವನ್ನೇ ಅನ್ವಯಿಸಿ ಇದಕ್ಕೆ ಉತ್ತರ ಕೊಟ್ಟ. ನೀಲ್ಸ್ ಬೋರ್ ತನ್ನ ಪರಮಾಣುವಿನ ಚಿತ್ರವನ್ನು ಮುಂದಿಟ್ಟದ್ದು 1913ರಲ್ಲಿ. ಎಂದರೆ ಕ್ವಾಂಟಂ ಸಿದ್ಧಾಂತ ಒಂಟಿ ಪರಮಾಣುವಿಗೆ ಕಾಲಿಡುವ ಆರು ವರ್ಷ ಮೊದಲೇ ವಸ್ತುವಿಜ್ಞಾನದ ಮನೆ ಹೊಕ್ಕಿತ್ತು. ನಮ್ಮ ಪಠ್ಯಪುಸ್ತಕಗಳು ಈ ಕ್ರಮವನ್ನು ತಲೆಕೆಳಗು ಮಾಡಿ, ಘನವಸ್ತುವಿನ ಪಾಠವನ್ನು ಕೊನೆಯ ಸೆಮಿಸ್ಟರಿನ ಕೊನೆಯ ಘಟಕಕ್ಕೆ ತಳ್ಳಿ, ಅದಕ್ಕೆ ಸಮಯ ಸಾಲದಂತೆ ನೋಡಿಕೊಳ್ಳುತ್ತವೆ.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಬೀದರಿನ ಬಿದರಿ ಕೆಲಸ ಅವಳ ಜಿಲ್ಲೆಯದೇ ಕಸುಬು. ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀಯೂ ಬಂದಿದೆ. ಕರಗಿಸಿದ ಸತುವಿಗೆ ಒಂದಿಷ್ಟು ತಾಮ್ರ ಬೆರೆಸುತ್ತಾರೆ. ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸತುವೇ. ಅದನ್ನು ಮಣ್ಣಿನ ಅಚ್ಚಿಗೆ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಳಿಯಿಂದ ಗೀರಿದ ಬಳ್ಳಿ-ಹೂವು ಬೆಳ್ಳಗೆ ಎದ್ದು ಕಾಣುತ್ತದೆ. ಗೀರಿದ ಕಾಲುವೆಯೊಳಗೆ ಬೆಳ್ಳಿಯ ತಂತಿಯನ್ನು ಕೂರಿಸಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಮತ್ತೆ ಉಜ್ಜಿದರೆ ಬೆಳ್ಳಿಯೂ ಬುಡದ ಲೋಹವೂ ಹೆಚ್ಚುಕಡಿಮೆ ಒಂದೇ ಬೂದು-ಬಿಳುಪಾಗಿ, ಚಿತ್ರವೇ ಮಾಯವಾದಂತೆ ಕಾಣುತ್ತದೆ. ಕೊನೆಗೆ ಸಾಮಾನನ್ನು ಹದವಾಗಿ ಬಿಸಿ ಮಾಡಿ, ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರವನ್ನು ನೀರಲ್ಲಿ ಕಲಸಿ ಸವರುತ್ತಾರೆ. ಆ ಮಣ್ಣನ್ನು ನಾಲಿಗೆಯ ತುದಿಗೆ ಇಟ್ಟು ನೋಡಿ ಆರಿಸುವ ಕುಶಲಿಗರಿದ್ದಾರೆ. ಸವರಿದ ಸ್ವಲ್ಪ ಹೊತ್ತಿನಲ್ಲೇ ಬುಡದ ಲೋಹ ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ತೊಳೆದು ಎಣ್ಣೆ ಹಚ್ಚಿದರೆ ಕೆಲಸ ಮುಗಿಯಿತು.

ಅವಳ ಪ್ರಶ್ನೆಯಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ಬಿದರಿಯ ಮೈಯೆಲ್ಲ ಕರಿಯದಲ್ಲ. ಕಪ್ಪು ಇರುವುದು ತೆಳುವಾದ ಮೇಲ್ಪದರದಲ್ಲಿ. ನವಸಾಗರ ಮೇಲಿನ ಸತುವನ್ನು ಕರಗಿಸಿ ತೆಗೆದಾಗ ಅಲ್ಲಿ ತಾಮ್ರದ ಪಾಲು ಹೆಚ್ಚುತ್ತದೆ, ಕಪ್ಪು ಬರುವುದು ಆ ತಾಮ್ರದಿಂದ. ತಾಮ್ರವೇ ಇಲ್ಲದ ಬರೀ ಸತುವಿಗೆ ಆ ಕಪ್ಪು ಹತ್ತುವುದಿಲ್ಲ. ಹಾಗಾದರೆ ನಿಜವಾದ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಅವೇ ಎರಡು ಲೋಹ ಒಂದು ಪ್ರಮಾಣದಲ್ಲಿ ಬೆರೆತರೆ ಬಡಿದು ತಂಬಿಗೆ ಮಾಡಬಹುದಾದ ಹಳದಿ ಹಿತ್ತಾಳೆ, ಇನ್ನೊಂದು ಪ್ರಮಾಣದಲ್ಲಿ ಬೆರೆತರೆ ಬಡಿದರೆ ಬಿರಿಯುವ, ಎರಕವನ್ನೇ ಹೊಯ್ಯಬೇಕಾದ ಬೂದು ಲೋಹ. ಇದು ಹೇಗೆ?

ಇದಕ್ಕೆ ಉತ್ತರದ ಬಾಗಿಲು ತೆರೆದವನು ವಿಲಿಯಂ ಹ್ಯೂಮ್-ರಾಥರಿ. ಸೈನ್ಯ ಸೇರಲು ತರಬೇತಿ ಪಡೆಯುತ್ತಿದ್ದ ಈ ಇಂಗ್ಲಿಷ್ ಯುವಕನಿಗೆ 1917ರಲ್ಲಿ ಮೆದುಳುಜ್ವರ ಬಂದು ಕಿವಿ ಪೂರ್ತಿ ಹೋಯಿತು. ಸೈನ್ಯ ಬಿಟ್ಟು ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಓದಿದ. 1926ರ ಹೊತ್ತಿಗೆ ಮಿಶ್ರಲೋಹಗಳಲ್ಲಿ ಅವನು ಕಂಡದ್ದು ಇದು: ತಾಮ್ರದ ಪರಮಾಣು ಸಾಮೂಹಿಕ ನಿಧಿಗೆ ಒಂದು ಎಲೆಕ್ಟ್ರಾನು ಕೊಡುತ್ತದೆ, ಸತು ಎರಡು ಕೊಡುತ್ತದೆ, ಒಟ್ಟು ಎಲೆಕ್ಟ್ರಾನುಗಳನ್ನು ಒಟ್ಟು ಪರಮಾಣುಗಳಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಲೋಹದ ಒಳರಚನೆಯನ್ನು ತೀರ್ಮಾನಿಸುತ್ತದೆ. ಒಂದು ತಾಮ್ರಕ್ಕೆ ಒಂದು ಸತು: ಮೂರು ಎಲೆಕ್ಟ್ರಾನು, ಎರಡು ಪರಮಾಣು. ಐದು ತಾಮ್ರಕ್ಕೆ ಎಂಟು ಸತು: ಐದಕ್ಕೆ ಹದಿನಾರು ಸೇರಿ 21 ಎಲೆಕ್ಟ್ರಾನು, 13 ಪರಮಾಣು. ಒಂದು ತಾಮ್ರಕ್ಕೆ ಮೂರು ಸತು: ಏಳು ಎಲೆಕ್ಟ್ರಾನು, ನಾಲ್ಕು ಪರಮಾಣು. ಈ ಮೂರು ಅನುಪಾತಗಳ ಬಳಿ ಮೂರು ಬೇರೆ ಬೇರೆ ಹರಳುರಚನೆಗಳು ಬರುತ್ತವೆ. ಬೇರೆ ಲೋಹಗಳ ಜೋಡಿ ತೆಗೆದುಕೊಂಡರೂ ಅನುಪಾತ ಅದೇ ಇದ್ದರೆ ಬಹುಮಟ್ಟಿಗೆ ರಚನೆಯೂ ಅದೇ.

ಇದೇಕೆ ಹೀಗೆ ಎಂಬುದಕ್ಕೆ 1930ರ ದಶಕದಲ್ಲಿ ಹ್ಯಾರಿ ಜೋನ್ಸ್ ಹೊಸ ಕ್ವಾಂಟಂ ಸಿದ್ಧಾಂತದಿಂದ ವಿವರಣೆ ಕೊಟ್ಟ. ಲೋಹದೊಳಗೆ ಎಲೆಕ್ಟ್ರಾನುಗಳು ಅಲೆಗಳಾಗಿ ಹರಡಿರುತ್ತವೆ. ಒಂದೊಂದು ಶಕ್ತಿಮಟ್ಟದಲ್ಲೂ ಇಂತಿಷ್ಟೇ ಜಾಗ. ಕೆಳಗಿನಿಂದ ತುಂಬುತ್ತಾ ಬಂದ ಎಲೆಕ್ಟ್ರಾನುಗಳು ಆ ಅಲೆಗಳಿಗೆ ಹರಳಿನ ರಚನೆ ಹಾಕುವ ಎಲ್ಲೆಗೆ ತಾಗುವಷ್ಟಾದಾಗ, ಹಳೆಯ ರಚನೆಗಿಂತ ಹೊಸ ರಚನೆಯಲ್ಲಿ ಒಟ್ಟು ಶಕ್ತಿ ಕಡಿಮೆಯಾಗುತ್ತದೆ, ಪರಮಾಣುಗಳು ಹೊಸದಾಗಿ ಸಾಲುಗಟ್ಟುತ್ತವೆ. ಬೀದರಿನ ಎರಕದ ಲೋಹ ಈ ನಕ್ಷೆಯಲ್ಲಿ ಸತುವಿನ ತುದಿಗೆ ಬರುತ್ತದೆ. ಅಲ್ಲಿ ಸತುವಿನ ಷಟ್ಕೋನ ಹರಳುಗಳ ನಡುವೆ ತಾಮ್ರ ಹೆಚ್ಚಿರುವ ಇನ್ನೊಂದು ಜಾತಿಯ ಹರಳುಗಳು ಚದುರಿರುತ್ತವೆ. ಷಟ್ಕೋನ ರಚನೆಯಲ್ಲಿ ಪದರಗಳು ಜಾರಲು ದಾರಿ ಕಡಿಮೆ, ಹಾಗಾಗಿ ಬಡಿದರೆ ಬಿರಿಯುತ್ತದೆ. ಹಿತ್ತಾಳೆಯ ಘನಾಕಾರದ ರಚನೆಯಲ್ಲಿ ಆ ದಾರಿಗಳು ಧಾರಾಳ.

ಬಣ್ಣದ ಕಥೆಯೂ ಎಲೆಕ್ಟ್ರಾನಿನದೇ. ತಾಮ್ರದ ಒಳಕವಚದ ಎಲೆಕ್ಟ್ರಾನನ್ನು ಮೇಲಕ್ಕೆ ನೆಗೆಸಲು ಸುಮಾರು 2 ಎಲೆಕ್ಟ್ರಾನ್-ವೋಲ್ಟ್ ಸಾಕು. ಹಸಿರು-ನೀಲಿ ಬೆಳಕಿಗೆ ಅಷ್ಟು ಶಕ್ತಿ ಇದೆ. ಅದನ್ನು ನುಂಗಿ ಉಳಿದ ಕೆಂಪನ್ನು ತಾಮ್ರ ಹಿಂದಕ್ಕೆ ಎಸೆಯುತ್ತದೆ. ಬೆಳ್ಳಿಯಲ್ಲಿ ಅದೇ ನೆಗೆತಕ್ಕೆ ಸುಮಾರು 4 ಎಲೆಕ್ಟ್ರಾನ್-ವೋಲ್ಟ್ ಬೇಕು. ಕಣ್ಣಿಗೆ ಕಾಣುವ ಯಾವ ಬೆಳಕಿಗೂ ಅಷ್ಟು ಶಕ್ತಿಯಿಲ್ಲ, ಎಲ್ಲ ಬಣ್ಣವೂ ಹಿಂದಿರುಗಿ ಬೆಳ್ಳಿ ಬೆಳ್ಳಗೆ ಹೊಳೆಯುತ್ತದೆ. ಚಿನ್ನದ ಹಳದಿಗೆ ಕಾರಣ ಹುಡುಕಿದರೆ ಐನ್‌ಸ್ಟೈನನ ಸಾಪೇಕ್ಷತೆಯನ್ನೂ ಜೊತೆಗೆ ಕರೆಯಬೇಕು: ಅದರ ಭಾರವಾದ ಬೀಜದ ಸುತ್ತ ಎಲೆಕ್ಟ್ರಾನುಗಳ ವೇಗ ಅಷ್ಟು ಹೆಚ್ಚು. ಹುಮನಾಬಾದಿನ ಚಿನ್ನ-ಬೆಳ್ಳಿ ಅಂಗಡಿಯ ಗಾಜಿನ ಹಿಂದೆ ಇಷ್ಟೆಲ್ಲ ಪಾಠ ಹರಡಿ ಕುಳಿತಿರುವಾಗ ಕ್ವಾಂಟಂ ಕಣ್ಣಿಗೆ ಕಾಣದ್ದು ಎಂದು ಹೇಳುವುದು ಯಾವ ಧೈರ್ಯದಿಂದ?

ಸೂಕ್ಷ್ಮಲೋಕದ ವಾದಿಗಳು ಇಲ್ಲೊಂದು ತಡೆ ಹಾಕುತ್ತಾರೆ: ಪರಮಾಣುವಿನ ಮಟ್ಟದಲ್ಲಿ ಅದೆಲ್ಲ ಸರಿ, ದೊಡ್ಡ ವಸ್ತುಗಳಿಗೆ ನ್ಯೂಟನ್ ಸಾಕು. ಸಾಲದು. ಹಳೆಯ ಭೌತಶಾಸ್ತ್ರದ ನಿಯಮಗಳನ್ನಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸಿದರೆ ಲೋಕದಲ್ಲಿ ಅಯಸ್ಕಾಂತವೇ ಇರಲು ಸಾಧ್ಯವಿಲ್ಲ ಎಂದು ಬೋರ್ 1911ರಲ್ಲೂ, ಡಚ್ ವಿಜ್ಞಾನಿ ಹೆಂಡ್ರಿಕಾ ವಾನ್ ಲೀವೆನ್ 1919ರಲ್ಲೂ ತೋರಿಸಿಕೊಟ್ಟರು. ಎಂದರೆ ಪಂಪ್‌ಸೆಟ್ಟಿನ ಮೋಟರಿನಲ್ಲಿರುವ ಕಬ್ಬಿಣದ ಗುಣವೇ ಕ್ವಾಂಟಂ. ಪರಮಾಣುವಿನೊಳಗೆ ಬಹುಪಾಲು ಖಾಲಿ ಜಾಗವಿದ್ದರೂ ವಸ್ತುಗಳು ಒಂದರೊಳಗೊಂದು ಕುಸಿಯದೆ ಗಟ್ಟಿಯಾಗಿ ನಿಂತಿರುವುದಕ್ಕೆ ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎನ್ನುವ ಪೌಲಿಯ ಬಹಿಷ್ಕಾರ ನಿಯಮ ಬೇಕೇ ಬೇಕು ಎಂಬುದಕ್ಕೆ ಫ್ರೀಮನ್ ಡೈಸನ್ ಮತ್ತು ಆಂಡ್ರ್ಯೂ ಲೆನಾರ್ಡ್ 1967ರಲ್ಲಿ ಗಣಿತದ ಸಾಧನೆ ಕೊಟ್ಟರು. 2025ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅವರಿಗೆ ಹೋದದ್ದೂ, ಅಂಗೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಮಂಡಲವೊಂದು ಪೂರ್ತಿಯಾಗಿ ಕ್ವಾಂಟಂ ನಿಯಮದಂತೆ ನಡೆಯುವುದನ್ನು ತೋರಿಸಿದ್ದಕ್ಕೆ.

ತೂಕದ ವಿಷಯ ಇನ್ನೂ ಸ್ವಾರಸ್ಯದ್ದು. 1889ರಿಂದ ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿ ಕಾಪಿಟ್ಟ ಪ್ಲಾಟಿನಂ-ಇರಿಡಿಯಂ ಸಿಲಿಂಡರು. 2019ರ ಮೇ 20ರಿಂದ ಆ ವ್ಯವಸ್ಥೆ ರದ್ದಾಗಿದೆ. ಪ್ಲಾಂಕ್ ಸ್ಥಿರಾಂಕದ ಬೆಲೆಯನ್ನು 6.62607015 × 10⁻³⁴ ಎಂದು ಒಮ್ಮೆಗೇ ಗೊತ್ತುಮಾಡಿ, ಕಿಲೋಗ್ರಾಮನ್ನು ಅದರಿಂದ ಪಡೆಯುತ್ತಾರೆ. ಹುಮನಾಬಾದಿನ ಮಾರುಕಟ್ಟೆಯಲ್ಲಿ ತೊಗರಿ ತೂಗುವ ತಕ್ಕಡಿಯ ಪ್ರಮಾಣ ಹಂತ ಹಂತವಾಗಿ ಮೇಲಕ್ಕೆ ಹೋಗಿ ಕೊನೆಗೆ ನಿಲ್ಲುವುದು ಈ ಸಂಖ್ಯೆಯ ಮೇಲೆ. ತೊಗರಿ ಬೆಳೆಯುವ ಅಪ್ಪನಿಗೂ ಕ್ವಾಂಟಂ ಓದುವ ಮಗಳಿಗೂ ನಡುವೆ ಇರುವ ಕಂದಕ ಕಲ್ಪನೆಯದು.

ಇನ್ನು ವೇದಿಕೆಯ ಪಂಡಿತರು. ಶ್ರೋಡಿಂಗರ್ ವೇದಾಂತ ಓದಿದ್ದ, ಅದರಲ್ಲಿ ಮನಸ್ಸಿಟ್ಟಿದ್ದ; ಇದು ನಿಜ, ಅವನೇ ಬರೆದಿಟ್ಟಿದ್ದಾನೆ. ಆದರೆ ಅವನ ಸಮೀಕರಣ ಹೊರಟದ್ದು ಡಿ ಬ್ರಾಯ್ ಮಂಡಿಸಿದ ದ್ರವ್ಯತರಂಗದ ವಿಚಾರದಿಂದ, ಹ್ಯಾಮಿಲ್ಟನ್ನನ ಯಂತ್ರಶಾಸ್ತ್ರದ ಗಣಿತದಿಂದ. ಜಲಜನಕದ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು 13.6 ಎಲೆಕ್ಟ್ರಾನ್-ವೋಲ್ಟ್ ಬೇಕೆಂದು ಲೆಕ್ಕ ಹಾಕಿ ತೋರಿಸಿದ್ದರಿಂದ ಅದಕ್ಕೆ ಮನ್ನಣೆ ಬಂತು. ವೇದಾಂತದ ಬೆಲೆ ವೇದಾಂತದಲ್ಲಿದೆ. ಅದಕ್ಕೆ ಭೌತಶಾಸ್ತ್ರದ ಪ್ರಮಾಣಪತ್ರ ಅಂಟಿಸುವುದು ಎರಡಕ್ಕೂ ಮಾಡುವ ಅವಮಾನ. "ನೋಡುವವ" ಎಂಬ ಮಾತಿನ ದುರುಪಯೋಗವಂತೂ ಹೇಳತೀರದು. ಕ್ವಾಂಟಂ ಅಳತೆಗೆ ಪ್ರಜ್ಞೆಯುಳ್ಳ ಮನುಷ್ಯ ಎದುರು ಕೂತಿರಬೇಕಾಗಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಫೋಟೋಗ್ರಾಫಿಕ್ ಪ್ಲೇಟು ತನ್ನ ಪಾಡಿಗೆ ತಾನು ಚುಕ್ಕೆ ಮೂಡಿಸಿಕೊಳ್ಳುತ್ತದೆ.

ಈ ಮಾಯಾಮಾತು ಬರೀ ಭಾಷಣದಲ್ಲಿ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಅದು ಅಂಗಡಿಗೂ ಇಳಿದಿದೆ. ಕ್ವಾಂಟಂ ಪದಕ, ಕ್ವಾಂಟಂ ಬಳೆ, ಕ್ವಾಂಟಂ ಚಿಕಿತ್ಸೆ ಎಂದು ಮೈಕೈ ನೋವಿನವರಿಗೆ ಸಾವಿರಗಟ್ಟಲೆಗೆ ಮಾರುತ್ತಾರೆ. 2021ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ಸರಕುಗಳ ಪಟ್ಟಿ ಹೊರಡಿಸಿ, ಇವು ವಿಕಿರಣ ಸೂಸುತ್ತವೆ, ಧರಿಸಬೇಡಿ ಎಂದು ಜನರನ್ನು ಎಚ್ಚರಿಸಿತು. ಕ್ವಾಂಟಂ ಹೆಸರಿನ ಕೊರಳ ಪದಕವೂ ಆ ಪಟ್ಟಿಯಲ್ಲಿತ್ತು. ಅರ್ಥವಾಗದ್ದೇ ದೊಡ್ಡದು ಎಂದು ಜನರಿಗೆ ಕಲಿಸಿದರೆ, ಅರ್ಥವಾಗದ್ದನ್ನು ಮಾರುವವರಿಗೆ ದಾರಿ ಸಲೀಸಾಗುತ್ತದೆ.

ತರಗತಿಯ ಅಪರಾಧ ಇಷ್ಟು ಕೆಟ್ಟದ್ದಲ್ಲ, ಆದರೆ ಹೆಚ್ಚು ಮಕ್ಕಳನ್ನು ತಟ್ಟುವಂಥದ್ದು. "ಕ್ವಾಂಟಂ ಯಾರಿಗೂ ಅರ್ಥವಾಗಿಲ್ಲ" ಎಂಬರ್ಥದ ಫೈನ್‌ಮನ್ನನ ಮಾತನ್ನು ಮೇಷ್ಟ್ರುಗಳು ಗುರಾಣಿಯಾಗಿ ಹಿಡಿಯುತ್ತಾರೆ. 1964ರ ಉಪನ್ಯಾಸದಲ್ಲಿ ಆ ಮಾತಾಡಿದ ಫೈನ್‌ಮನ್ ಮರುವರ್ಷ ನೊಬೆಲ್ ಪಡೆದದ್ದು, ಬೆಳಕು ಮತ್ತು ಎಲೆಕ್ಟ್ರಾನಿನ ವ್ಯವಹಾರವನ್ನು ಅತಿ ನಿಖರವಾಗಿ ಲೆಕ್ಕ ಹಾಕುವ ವಿಧಾನ ಕಟ್ಟಿದ್ದಕ್ಕೆ. ಕೈಚೆಲ್ಲಿ ಕೂರಲು ಆತ ಯಾರಿಗೂ ಪರವಾನಗಿ ಕೊಟ್ಟಿರಲಿಲ್ಲ. ಢಾಕಾದಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸರಿಗೆ ಪ್ಲಾಂಕನ ಸೂತ್ರವನ್ನು ಪುಸ್ತಕಗಳು ಸಾಧಿಸುವ ರೀತಿ ಹಿಡಿಸಲಿಲ್ಲ. 1924ರಲ್ಲಿ ಅವರೇ ಹೊಸ ಸಾಧನೆ ಬರೆದು ಐನ್‌ಸ್ಟೈನನಿಗೆ ಕಳಿಸಿದರು. ಪಾಠ ಮಾಡುವವನ ಅತೃಪ್ತಿಯೂ ವಿಜ್ಞಾನವನ್ನು ಮುಂದೊಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

"ಪೆಟ್ಟಿಗೆಯೊಳಗಿನ ಕಣ" ಎಂಬ ಲೆಕ್ಕವನ್ನು ಬಿ.ಎಸ್ಸಿ. ಮಕ್ಕಳೆಲ್ಲ ಬಿಡಿಸುತ್ತಾರೆ. ಪೆಟ್ಟಿಗೆ ಚಿಕ್ಕದಾದಷ್ಟೂ ಶಕ್ತಿಮಟ್ಟಗಳ ನಡುವಿನ ಅಂತರ ಹಿಗ್ಗುತ್ತದೆ ಎಂದು ಬರೆದು ಅಂಕ ಪಡೆಯುತ್ತಾರೆ. ಆ ಪೆಟ್ಟಿಗೆಯನ್ನು ನಿಜವಾಗಿ ಮಾಡಬಹುದು ಎಂದು ಎಷ್ಟು ಜನಕ್ಕೆ ಹೇಳಲಾಗುತ್ತದೆ? ಕ್ಯಾಡ್ಮಿಯಂ ಸೆಲೆನೈಡಿನ ಹರಳನ್ನು ಕೆಲವೇ ನ್ಯಾನೊಮೀಟರಿಗೆ ಕುಗ್ಗಿಸಿದರೆ ಅದೇ ವಸ್ತು ದೊಡ್ಡ ಹರಳಾಗಿ ಕೆಂಪು, ಚಿಕ್ಕದಾಗಿ ಹಸಿರು, ಇನ್ನೂ ಚಿಕ್ಕದಾಗಿ ನೀಲಿ ಬೆಳಕು ಕೊಡುತ್ತದೆ. ಇಂಥ ಕ್ವಾಂಟಂ ಚುಕ್ಕೆಗಳಿಗಾಗಿ 2023ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಾವೆಂಡಿ, ಬ್ರೂಸ್, ಎಕಿಮೋವ್ ಅವರಿಗೆ ಸಂದಿತು. ಟಿವಿ ಅಂಗಡಿಯಲ್ಲಿ ಕ್ಯೂಎಲ್‌ಇಡಿ ಎಂದು ಚೀಟಿ ಅಂಟಿಸಿ ಮಾರುವ ಪರದೆಗಳಲ್ಲಿ ಇವೇ ಕೆಲಸ ಮಾಡುತ್ತವೆ. ಪರೀಕ್ಷೆಯ ಉತ್ತರಪತ್ರಿಕೆಯ ಪೆಟ್ಟಿಗೆಯೂ ಟಿವಿಯೊಳಗಿನ ಪೆಟ್ಟಿಗೆಯೂ ಒಂದೇ.

ಪ್ರಯೋಗಾಲಯದಲ್ಲಿ ಉಪಕರಣವಿಲ್ಲ ಎಂಬ ದೂರು ಹಲವು ಕಡೆ ನಿಜ. ಆದರೆ ಕ್ವಾಂಟಂ ವಿಜ್ಞಾನದ ಬುನಾದಿಯ ಸಂಖ್ಯೆಯನ್ನು ಅಳೆಯಲು ಬೇಕಾದದ್ದು ಬಣ್ಣದ ಎಲ್‌ಇಡಿಗಳು, ಬ್ಯಾಟರಿ, ತಿರುಗಿಸಿ ವೋಲ್ಟೇಜು ಏರಿಸುವ ರೋಧಕ, ಒಂದು ಮಲ್ಟಿಮೀಟರು. ಕೋಣೆಯ ದೀಪ ಆರಿಸಿ ನಿಧಾನ ವೋಲ್ಟೇಜು ಏರಿಸಬೇಕು. ಕೆಂಪು ಎಲ್‌ಇಡಿ ಹೆಚ್ಚುಕಡಿಮೆ 1.8 ವೋಲ್ಟಿಗೆ ಮಿಣುಕುತ್ತದೆ. ನೀಲಿಯದ್ದು 2.5 ವೋಲ್ಟಿನ ಆಸುಪಾಸಿಗೆ ಬರುವವರೆಗೂ ಕಣ್ಣು ಬಿಡುವುದಿಲ್ಲ. ನೀಲಿ ಬೆಳಕಿನ ಒಂದೊಂದು ತುಣುಕಿಗೂ ಹೆಚ್ಚು ಶಕ್ತಿ ಬೇಕು ಎಂಬುದನ್ನು ವಿದ್ಯಾರ್ಥಿ ಬೆರಳ ತುದಿಯಲ್ಲಿ, ರೋಧಕದ ತಿರುಗಣೆಯಲ್ಲಿ ಅರಿಯುತ್ತಾನೆ. ವೋಲ್ಟೇಜನ್ನು ಎಲೆಕ್ಟ್ರಾನಿನ ಆವೇಶದಿಂದಲೂ ಬೆಳಕಿನ ತರಂಗಾಂತರದಿಂದಲೂ ಗುಣಿಸಿ ಬೆಳಕಿನ ವೇಗದಿಂದ ಭಾಗಿಸಿದರೆ ಬರುವ ಉತ್ತರ ಸುಮಾರು 6 ಗುಣಿಸು 10⁻³⁴. ತೊಗರಿಯ ತಕ್ಕಡಿಯ ಹಿಂದಿರುವ ಅದೇ ಸಂಖ್ಯೆ, ಸ್ವಲ್ಪ ಒರಟಾಗಿ.

ಅಲ್ಲಿಂದ ಪ್ರಶ್ನೆ ಬೆಳೆಯಬೇಕು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂತು, ಚೆನ್ನಾಗಿ ಬೆಳಗುವ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತೇಕೆ? ಸಿದ್ಧಾಂತ ಗೊತ್ತಿತ್ತು, ದೋಷ ಕಡಿಮೆಯಿರುವ ಗ್ಯಾಲಿಯಂ ನೈಟ್ರೈಡಿನ ಹರಳು ಬೆಳೆಸುವ ಕೈಚಳಕ ಇರಲಿಲ್ಲ. ಅಕಾಸಾಕಿ, ಅಮಾನೊ, ನಾಕಾಮುರಾ ಅದನ್ನು ಸಾಧಿಸಿ 2014ರ ನೊಬೆಲ್ ಪಡೆದರು. ಇಂದು ಹಳ್ಳಿಯ ಮನೆಯಲ್ಲಿ ಉರಿಯುವ ಬಿಳಿ ಬಲ್ಬಿನ ಒಳಗೆ ಇರುವುದು ಆ ನೀಲಿ ದೀಪವೇ, ಮೇಲೆ ಹಳದಿ ಪುಡಿಯ ಲೇಪ. ಕ್ವಾಂಟಂ ಲೆಕ್ಕ ಏನಾಗಬಹುದೆಂದು ಹೇಳಿತು, ವಸ್ತುವಿಜ್ಞಾನ ಅದನ್ನು ಆಗಿಸಿ ತೋರಿಸಿತು. ಇವೆರಡನ್ನು ಬೇರೆ ಬೇರೆ ಪತ್ರಿಕೆಗಳಾಗಿ, ಒಂದಕ್ಕೊಂದು ಮಾತಾಡದಂತೆ ಕಲಿಸುವುದೇ ತಪ್ಪು.

ರಾಜಧಾನಿಯ ಉತ್ಸಾಹಕ್ಕೂ ಇದೇ ಕುರುಡು ಬಡಿದಿದೆ. ಕೇಂದ್ರ ಸರ್ಕಾರ 2023ರ ಏಪ್ರಿಲಿನಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗಿನದು ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ವಸ್ತುಗಳು ಮತ್ತು ಸಾಧನಗಳಿಗೇ ಮೀಸಲಾದ ಕೇಂದ್ರ ದೆಹಲಿಯ ಐಐಟಿಯಲ್ಲಿದೆ. ನಾಲ್ಕರಲ್ಲೊಂದು ವಸ್ತುವಿಜ್ಞಾನದ್ದು ಎಂಬ ಸಂಗತಿ ಸಮಾವೇಶದ ಭಾಷಣಗಳಲ್ಲಿ ಕೇಳುವುದು ಅಪರೂಪ. ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕವಾದ ಕ್ಯೂಬಿಟ್ಟು ಗಾಳಿಯಲ್ಲಿ ನಿಲ್ಲುವುದಿಲ್ಲ. ಅಲ್ಯೂಮಿನಿಯಮ್ಮಿನ ತೆಳುಪದರವೋ, ಸಿಲಿಕಾನೋ, ವಜ್ರದ ದೋಷವೋ ಅದಕ್ಕೆ ಆಸರೆಯಾಗಬೇಕು. ಆ ಪದರವನ್ನು ಶುದ್ಧವಾಗಿ ಬೆಳೆಸುವವರು ಬೇಕು. ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ವಸ್ತುವಿಜ್ಞಾನಕ್ಕೇ ಪ್ರತ್ಯೇಕ ಸ್ನಾತಕೋತ್ತರ ವಿಭಾಗವಿದೆ; ವಿದ್ಯುತ್ ಹರಿಯಬಿಡುವ ಪಾಲಿಅನಿಲೀನ್‌ನಂಥ ಪ್ಲಾಸ್ಟಿಕ್‌ಗಳ ಮೇಲೆ ಅಲ್ಲಿ ಕೆಲಸವಾಗಿದೆ. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗೆ ಕ್ವಾಂಟಂ ಎಂದರೆ ಬೆಂಗಳೂರು ಎನ್ನುವವರು ಈ ವಿಭಾಗದ ಹೆಸರನ್ನಾದರೂ ಹೇಳಬೇಕು.

ಕ್ವಾಂಟಂ ಬೇರೆ, ವಸ್ತುವಿಜ್ಞಾನ ಬೇರೆ ಅಲ್ಲ ಎಂಬುದಕ್ಕೆ ಬೆಂಗಳೂರಿನ ಚರಿತ್ರೆಯೇ ಸಾಕ್ಷಿ. 1935-36ರ ಚಳಿಗಾಲದಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಐಐಎಸ್‌ಸಿಗೆ ಬಂದು ಕೆಲವು ತಿಂಗಳು ಪಾಠ ಹೇಳಿದವರು ಮ್ಯಾಕ್ಸ್ ಬಾರ್ನ್. ಕ್ವಾಂಟಂ ಅಲೆಗೆ ಸಂಭವನೀಯತೆಯ ಅರ್ಥ ಕೊಟ್ಟ ಅದೇ ಬಾರ್ನ್, ಹಿಟ್ಲರನ ಜರ್ಮನಿಯಿಂದ ಹೊರಬಿದ್ದು ನೆಲೆ ಹುಡುಕುತ್ತಿದ್ದ ಕಾಲ. ಅವರಿಗೆ ಖಾಯಂ ಹುದ್ದೆ ಕೊಡಿಸಲು ರಾಮನ್ ಪಟ್ಟ ಪಾಡು ಸಂಸ್ಥೆಯೊಳಗಿನ ವಿರೋಧದಿಂದ ಫಲಿಸಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಮುಂದೆ ಇದೇ ಇಬ್ಬರು ಗೆಳೆಯರು ಹರಳಿನೊಳಗೆ ಪರಮಾಣುಗಳು ಕಂಪಿಸುವುದು ಹೇಗೆ ಎಂಬ ಪ್ರಶ್ನೆಗೆ ವರ್ಷಗಟ್ಟಲೆ ಕಾದಾಡಿದರು. ಕಂಪನಗಳು ಬಿಡಿಬಿಡಿಯಾದ ಕೆಲವೇ ಸ್ವರಗಳು ಎಂದು ರಾಮನ್, ಎಡೆಬಿಡದ ಸಾಲು ಎಂದು ಬಾರ್ನ್. ವಜ್ರವೇ ಅಖಾಡ. ಬಾರ್ನರ ವಿಧಾನದಲ್ಲಿ ಹೆಲೆನ್ ಸ್ಮಿತ್ 1948ರಲ್ಲಿ ವಜ್ರದ ರೋಹಿತವನ್ನು ಲೆಕ್ಕ ಹಾಕಿ ತೋರಿಸಿದರು. ಗೆದ್ದದ್ದು ಬಾರ್ನರ ಪಕ್ಷ. ನೊಬೆಲ್ ಪಡೆದ ರಾಮನ್ನರೂ ಒಂದು ಹರಳಿನ ಮುಂದೆ ತಪ್ಪಾಗಬಹುದಾದರೆ, ಪ್ರಶ್ನೆ ಕೇಳುವ ವಿದ್ಯಾರ್ಥಿಯ ಬಾಯಿ ಮುಚ್ಚಿಸುವ ಅಧಿಕಾರ ಯಾರಿಗಿದೆ?

ಎದುರು ಪಕ್ಷದ ಗಟ್ಟಿ ವಾದವನ್ನೂ ಎದುರಿಸಬೇಕು. ಕ್ವಾಂಟಂನಲ್ಲಿ ನಿಜವಾಗಿಯೂ ಬಗೆಹರಿಯದ ಗುಟ್ಟುಗಳಿಲ್ಲವೇ? ಇವೆ. ಅಳತೆಯ ಕ್ಷಣದಲ್ಲಿ ಆಗುವುದೇನು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ದೂರದೂರ ಇರುವ ಕಣಗಳ ನಡುವಿನ ನಂಟಿನ ಬಗ್ಗೆ ಭೌತವಿಜ್ಞಾನಿ ಜಾನ್ ಬೆಲ್ ಎತ್ತಿದ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂದದ್ದೂ ಆ ಬೆರಗಿಗೆ ಸಂದ ಗೌರವವೇ. ಆದರೆ ಆ ಬೆರಗಿಗೂ ಧೈರ್ಯವಾಗಿ ಲೆಕ್ಕ ಕೇಳಿದ್ದರಿಂದಲೇ ಉತ್ತರದ ಒಂದು ಪಾಲು ಸಿಕ್ಕಿತು. ಬಗೆಹರಿಯದ ಗುಟ್ಟುಗಳು ಅತಿ ಹೆಚ್ಚು ಇರುವುದೂ ಗಟ್ಟಿ ವಸ್ತುಗಳಲ್ಲೇ.

ಪಠ್ಯಪುಸ್ತಕ ಹೇಳುತ್ತದೆ: ಒತ್ತೊತ್ತಾದ ಶಕ್ತಿಮಟ್ಟಗಳ ಗುಂಪು, ಎಂದರೆ ಶಕ್ತಿಪಟ್ಟಿ, ಪೂರ್ತಿ ತುಂಬದೆ ಉಳಿದಿದ್ದರೆ ಆ ವಸ್ತು ವಿದ್ಯುತ್ ಹರಿಯಬಿಡಬೇಕು. ಚುರುಕಾದ ವಿದ್ಯಾರ್ಥಿ ಕೇಳುತ್ತಾನೆ: ಹಾಗಾದರೆ ನಿಕಲ್ ಆಕ್ಸೈಡು, ತಾಮ್ರದ ಕಪ್ಪು ಆಕ್ಸೈಡು ಲೋಹದಂತೆ ಹರಿಯಬಿಡುವುದಿಲ್ಲವೇಕೆ? ಇದು ದಡ್ಡ ಪ್ರಶ್ನೆಯಲ್ಲ. 1937ರಲ್ಲಿ ಡಿ ಬೋರ್, ಫೆರ್‌ವೇ ಎಂಬ ಇಬ್ಬರು ಡಚ್ಚರು ಇದನ್ನೇ ಎತ್ತಿದಾಗ, ಶಕ್ತಿಪಟ್ಟಿಯ ಸಿದ್ಧಾಂತ ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುವ ಬಲವನ್ನು ಕಡೆಗಣಿಸಿದೆ ಎಂಬುದು ಬಯಲಾಯಿತು. ಆ ಪ್ರಶ್ನೆಯ ಸಂತತಿ ಇಂದಿಗೂ ಮುಗಿದಿಲ್ಲ. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ತಾಮ್ರದ ಆಕ್ಸೈಡು ಬೆರೆತ ಪಿಂಗಾಣಿಯಲ್ಲಿ ಅತಿವಾಹಕತೆ ಕಂಡರು. ಮರುವರ್ಷವೇ ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನ ಕಪ್ಪು ಬಿಲ್ಲೆ ಸುಮಾರು 92 ಕೆಲ್ವಿನ್ನಿನಲ್ಲಿ, ಎಂದರೆ ದ್ರವ ಸಾರಜನಕಕ್ಕಿಂತ ಬಿಸಿಯಿರುವಾಗಲೇ, ವಿದ್ಯುತ್ ರೋಧ ಕಳೆದುಕೊಂಡಿತು. ಸಿ.ಎನ್.ಆರ್. ರಾವ್ ಅವರ ತಂಡ ಅದೇ 1987ರಲ್ಲಿ ಬೆಂಗಳೂರಿನಲ್ಲಿ ಈ ವಸ್ತುವಿನ ಮೇಲೆ ಕೆಲಸ ಮಾಡಿ ಪ್ರಕಟಿಸಿತು. ಪುಡಿಗಳನ್ನು ಅರೆದು, ಬಿಲ್ಲೆ ಒತ್ತಿ, ಸುಮಾರು 900 ಡಿಗ್ರಿಯ ಕುಲುಮೆಯಲ್ಲಿ ಬೇಯಿಸಿ, ಆಮ್ಲಜನಕದಲ್ಲಿ ನಿಧಾನ ತಣಿಸಿದರೆ ಅದು ಸಿದ್ಧ. ಅದು ಹೀಗೇಕೆ ವರ್ತಿಸುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಸಿದ್ಧಾಂತ ಇಂದಿಗೂ ಇಲ್ಲ. ಬೆರಗು ಬೇಕಿದ್ದವರು ಇಲ್ಲಿ ಬೆರಗಾಗಲಿ.

ಗಣಿತ ಬರದ ಮಕ್ಕಳಿಗೆ ಇದೆಲ್ಲ ಹೇಗೆ ಎಂಬ ಆಕ್ಷೇಪಕ್ಕೆ ಉತ್ತರ ಮೇಲೆಯೇ ಬಂದಿದೆ. ಹ್ಯೂಮ್-ರಾಥರಿಯ ಲೆಕ್ಕಕ್ಕೆ ಕೂಡುವುದು, ಭಾಗಿಸುವುದು ಸಾಕು. ಎಲ್‌ಇಡಿಯ ಲೆಕ್ಕಕ್ಕೆ ಗುಣಾಕಾರ, ಭಾಗಾಕಾರ ಸಾಕು. ಕಠಿಣ ಗಣಿತ ಆಮೇಲೆ ಬರಲಿ. ಏನನ್ನು ಹುಡುಕುತ್ತಿದ್ದೇವೆಂದು ಗೊತ್ತಿರುವವರು ಅದನ್ನು ಕಲಿಯುತ್ತಾರೆ. ಅವಕಲ ಸಮೀಕರಣದಿಂದ ಆರಂಭಿಸಿ ತಂಬಿಗೆಯನ್ನು ಎಂದೂ ಮುಟ್ಟದ ಪಾಠಕ್ರಮ ಅವರನ್ನು ಗಣಿತದಿಂದಲೂ ದೂರ ಮಾಡಿದೆ.

ಹಾಗಾಗಿ ಬೀದರ್, ಹುಮನಾಬಾದ್, ಬಸವಕಲ್ಯಾಣದ ಪದವಿ ಕಾಲೇಜುಗಳ ಭೌತಶಾಸ್ತ್ರದ ಮೇಷ್ಟ್ರುಗಳಲ್ಲಿ ಮನವಿ ಇಷ್ಟೇ. ಕ್ವಾಂಟಂ ಪಾಠದ ಮೊದಲ ದಿನ ಬೋರ್ಡಿನ ಮೇಲೆ ಏನೂ ಬರೆಯಬೇಡಿ. ಮೇಜಿನ ಮೇಲೆ ಹಿತ್ತಾಳೆಯ ಒಂದು ಲೋಟ, ಬಿದರಿಯ ಒಂದು ಗುಂಡಿ, ತಾಮ್ರದ ತಂತಿ, ಕೆಂಪು-ನೀಲಿ ಎಲ್‌ಇಡಿ ಇಡಿ. ಮಕ್ಕಳು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ವರ್ಷವಿಡೀ ಅವಕ್ಕೆ ಉತ್ತರ ಹುಡುಕುತ್ತಾ ಪಠ್ಯ ಮುಗಿಸಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಕಲಬುರಗಿಗೂ ಬೆಂಗಳೂರಿಗೂ ಬರೆದು ಕೇಳಿ. ಇಷ್ಟಕ್ಕೂ ಬೇಕಾದ ಸಾಮಾನು ಜಿಲ್ಲೆಯ ಅಂಗಡಿಗಳಲ್ಲೇ ಸಿಗುತ್ತದೆ, ಬಿದರಿಯ ಗುಂಡಿಯೊಂದನ್ನು ಬಿಟ್ಟರೆ ಉಳಿದದ್ದಕ್ಕೆ ಕೆಲವು ನೂರು ರೂಪಾಯಿಗಿಂತ ಹೆಚ್ಚು ಖರ್ಚಿಲ್ಲ.